ಅಭ್ಯಾಸ ಆಗುತ್ತೆ, ಸಾರ್

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಕೀಲಿಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಕನ್ನಡಕದ ಅಂಗಡಿ. ಒಳಗೆ ಒಬ್ಬ ಗಿರಾಕಿ ಕೂತರೆ ಇನ್ನೊಬ್ಬರು ಅವರ ಮೊಣಕಾಲು ದಾಟಿ ಬರಬೇಕು. ಗೋಡೆ ತುಂಬ ಕನ್ನಡಿ, ಕನ್ನಡಿಯ ಮುಂದೆ ಸಾಲು ಸಾಲು ಫ್ರೇಮು, ಮೂಲೆಯಲ್ಲಿ ಪರದೆ, ಪರದೆಯ ಹಿಂದೆ ಗಾಜು ಉಜ್ಜುವ ಯಂತ್ರ. ಗಲ್ಲಾದಲ್ಲಿ ಹೆಂಡತಿ, ಯಂತ್ರದ ಮುಂದೆ ಗಂಡ. ವಾರವೆಲ್ಲ ಈ ಗಂಡನನ್ನು ಜನ ಕನ್ನಡಕದವರು ಎಂದು ಕರೆಯುತ್ತಾರೆ. ಭಾನುವಾರ ಮಾತ್ರ ಅವನ ಹೆಸರು ಬದಲಾಗುತ್ತದೆ. ಅಂದು ಅವನು ಬಾಲಣ್ಣ.

ಬಾಲ ಎಂದರೆ ಎಳೆಯ ಬಾಲನಲ್ಲ. ದನಕ್ಕೆ ಹಿಂದೆ ಇರುತ್ತದಲ್ಲ, ಆ ಬಾಲ.

ಮೋಟಾರ್ ಸೈಕಲ್ ಗುಂಪುಗಳಲ್ಲಿ ಇದೊಂದು ಹುದ್ದೆ. ಭಾನುವಾರ ಬೆಳಗಾದರೆ ಸಾಕು, ಮನೆಯಲ್ಲಿ ಸಿಲಿಂಡರ್ ಎತ್ತಿಡು ಎಂದರೆ ಸೊಂಟ ಹಿಡಿದುಕೊಳ್ಳುವ ಗಂಡಸರು ಮೊಣಕಾಲಿಗೆ ಚಿಪ್ಪು ಕಟ್ಟಿಕೊಂಡು, ಯುದ್ಧಕ್ಕೆ ಹೊರಟವರಂತೆ ಪೆಟ್ರೋಲ್ ಬಂಕಿನ ಮುಂದೆ ಸೇರುತ್ತಾರೆ. ಎಲ್ಲರದೂ ಒಂದೇ ಕಂಪನಿಯ ಒಂದೇ ಮಾದರಿಯ ಗಾಡಿ. ಸಾಲಿನ ಮುಂದೆ ಕ್ಯಾಪ್ಟನ್, ಸಾಲಿನ ಕೊನೆಗೆ ಬಾಲ. ಕ್ಯಾಪ್ಟನ್ನನ್ನು ಯಾರೂ ದಾಟಿ ಹೋಗುವಂತಿಲ್ಲ, ಬಾಲಕ್ಕಿಂತ ಯಾರೂ ಹಿಂದೆ ಉಳಿಯುವಂತಿಲ್ಲ. ನಡುದಾರಿಯಲ್ಲಿ ಯಾರ ಗಾಡಿಯಾದರೂ ನಿಂತರೆ ಉಳಿದವರು ನಿಲ್ಲದೆ ಹೋಗಬೇಕು, ಬಾಲ ಮಾತ್ರ ನಿಂತು ನೋಡಿಕೊಳ್ಳಬೇಕು. ಬಾಲಕ್ಕೆ ಗುರುತಾಗಿ ಒಂದು ಕಿತ್ತಳೆ ಬಣ್ಣದ, ತೋಳಿಲ್ಲದ, ಬಿಸಿಲಿಗೆ ಹೊಳೆಯುವ ಅಂಗಿ. ಈ ಅಂಗಿ ಯಾರಿಗೂ ಬೇಡವಾಗಿತ್ತು. ಕನ್ನಡಕದವನಿಗೆ ವೇಗದ ಹುಚ್ಚಿಲ್ಲ, ತಾಳ್ಮೆ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಬೇಡ ಎನ್ನಲು ಬರುವುದಿಲ್ಲ. ಹಾಗಾಗಿ ಅಂಗಿ ಅವನ ಮೈಮೇಲೆ ಬಂದು ಕೂತಿತು.

ಬಾಲಕ್ಕೆ ಇನ್ನೊಂದು ನಿಯಮ ಇತ್ತು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಬಿಗಿಯಾಗಿತ್ತು. ಬಾಲಕ್ಕೆ ಬಾಯಿಲ್ಲ. ದಾರಿಯಲ್ಲಿ ಯಾರ ಗಾಡಿ ನಿಂತಿತು, ಎಲ್ಲಿ ನಿಂತಿತು, ನಿಂತಾಗ ಗಾಡಿಯವನು ಗಾಡಿಯ ತಾಯಿಗೆ ಏನೆಂದು ಬೈದ, ಇದೊಂದನ್ನೂ ಅಂಗಿ ತೊಟ್ಟವನು ಚಹಾ ಕುಡಿಯುವಾಗ ಆಡುವಂತಿಲ್ಲ. ಕಾರಣ ಸರಳ. ಗಾಡಿ ಕೆಡುತ್ತದೆ ಎಂಬ ಸುದ್ದಿ ಹಬ್ಬಿದರೆ ನಾಳೆ ಅದನ್ನು ಮಾರುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಇಂಥ ಗಾಡಿ ಕೊಂಡ ತಾನು ದಡ್ಡ ಎಂದು ಭಾವಮೈದನ ಎದುರು ಒಪ್ಪಿಕೊಳ್ಳುವುದು ಹೇಗೆ?

ಹೀಗಾಗಿ ಗುಂಪಿನಲ್ಲಿ ಬಾಲಣ್ಣನೊಬ್ಬನಿಗೆ ಮಾತ್ರ ಗೊತ್ತಿದ್ದ ಒಂದು ವಿಷಯ ಇತ್ತು. ಇಂಜಿನ್ ಬಿಸಿಯಾದ ಮೇಲೆ, ಏರಿನಲ್ಲಿ, ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಈ ಗಾಡಿ ಕೆಮ್ಮುವುದೂ ಇಲ್ಲ, ಸೀನುವುದೂ ಇಲ್ಲ, ಸುಮ್ಮನೆ ಸಾಯುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟರೆ ಏನೂ ಆಗಿಲ್ಲ ಎಂಬಂತೆ ಎದ್ದು ಕೂರುತ್ತದೆ. ದಂತವೈದ್ಯರ ಗಾಡಿ ಹೀಗೆ ಸತ್ತಾಗ ಅವನು ಪಕ್ಕದಲ್ಲಿದ್ದ. ಬ್ಯಾಂಕಿನ ಕ್ಯಾಷಿಯರ್ ಗಾಡಿ ಸತ್ತಾಗ ಇದ್ದ. ಕ್ಯಾಪ್ಟನ್ ಗಾಡಿ ಸತ್ತಾಗಲೂ ಇದ್ದ, ಆ ದಿನ ಕ್ಯಾಪ್ಟನ್ "ನೀವು ಮುಂದೆ ಹೋಗ್ತಿರಿ, ನಾನು ಫೋಟೋ ತೆಗೆದುಕೊಂಡು ಬರ್ತೀನಿ" ಎಂದು ಎಲ್ಲರನ್ನೂ ಕಳಿಸಿ, ಒಂದು ಜಾಲಿ ಮರದ ಫೋಟೋವನ್ನು ಬಹಳ ಹೊತ್ತು ತೆಗೆದಿದ್ದ. ಪ್ರತಿಯೊಬ್ಬರೂ ಗಾಡಿ ಆರುವವರೆಗೆ ರಸ್ತೆ ಬದಿಯ ಕಲ್ಲಿನ ಮೇಲೆ ಅವನ ಜೊತೆ ಕೂತು, ಎದ್ದು ಹೊರಡುವಾಗ ಒಂದೇ ಮಾತು ಹೇಳಿದ್ದರು: "ನಮ್ಮಿಬ್ಬರಲ್ಲೇ ಇರಲಿ, ಬಾಲಣ್ಣ."

ಇತ್ತು. ಆದರೆ ಒಂದು ದಿನ ಗಾಡಿ ಅವನದೇ ನಿಂತಿತು, ಮತ್ತು ಅಂದು ಭಾನುವಾರವಾಗಿರಲಿಲ್ಲ.

ಆ ಗಾಡಿಯನ್ನು ಆರಿಸಿದ್ದು ಹೆಂಡತಿ. "ಇಂಜಿನ್ನು ನೀವು ನೋಡ್ಕೊಳ್ಳಿ, ಸೀಟು ನಾನು ನೋಡ್ತೀನಿ" ಎಂದು ಶೋರೂಮಿನಲ್ಲಿದ್ದ ಗಾಡಿಗಳ ಮೇಲೆಲ್ಲ ಒಂದೊಂದಾಗಿ ಕೂತು, ಕೊನೆಗೆ ಹಿಂದಿನ ಸೀಟು ಅಗಲವಾಗಿರುವ ಇದನ್ನು ಒಪ್ಪಿದ್ದಳು. ಅಂಗಡಿಗೆ ಹೋಗುವಾಗ ಬರುವಾಗ ಇಬ್ಬರೂ ಅದರ ಮೇಲೆಯೇ. ಅಂದು ಸಂಜೆ ಅಂಗಡಿ ಮುಚ್ಚಿ ಬರುವಾಗ ಮೇಲ್ಸೇತುವೆಯ ತಿರುವಿನಲ್ಲಿ ಗಾಡಿ ಸತ್ತಿತು. ಹಿಂದೆ ಲಾರಿ. ಲಾರಿಯವನು ಬ್ರೇಕು ಹಾಕಿದ, ಹಾರ್ನು ಹೊಡೆದ, ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕನ್ನಡಕದವನ ಪೂರ್ವಿಕರನ್ನು ನೆನೆದ. ಲಾರಿಯ ಮೂತಿ ಎಷ್ಟು ಹತ್ತಿರ ಬಂದಿತ್ತೆಂದರೆ ಅದರ ಬಿಸಿ ಹೆಂಡತಿಯ ಬೆನ್ನಿಗೆ ತಾಗಿತ್ತು. ಅವಳು ಇಳಿದಳು. ಹೆಲ್ಮೆಟ್ ಕೂಡ ತೆಗೆಯದೆ ಮನೆಯವರೆಗೆ ನಡೆದೇ ಹೋದಳು. ದಾರಿಯಲ್ಲಿ ಸಿಕ್ಕ ಪರಿಚಯದವರು ನಮಸ್ಕಾರ ಎಂದರೆ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನಮಸ್ಕಾರ ಎಂದು ಮತ್ತೆ ಮುಚ್ಚಿಕೊಂಡಳಂತೆ.

ಮರುದಿನ ಆ ಹೆಲ್ಮೆಟ್ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಅಂಗಾತ ಕೂತಿತ್ತು. ಅದರೊಳಗೆ ಗಾಜು ಒರೆಸುವ ಬಟ್ಟೆಗಳು.

"ಇದೇನಿದು?" ಎಂದ ಗಂಡ.

"ಬುಟ್ಟಿ."

"ಗಾಡಿ ರಿಪೇರಿ ಮಾಡಿಸ್ತೀನಿ ಕಣೇ. ವಾರಂಟಿ ಇನ್ನೂ ಇದೆ."

"ರಿಪೇರಿ ಬೇಡ ಅಂದೋರು ಯಾರು? ಅದಕ್ಕೆ ಏನಾಗಿದೆ ಅಂತ ಮಾಡಿದವರು ಬಾಯಿಬಿಟ್ಟು ಹೇಳ್ಲಿ. ಹೇಳಿದ ದಿನ ಇದರೊಳಗಿನ ಬಟ್ಟೆ ತೆಗೀತೀನಿ. ಅಲ್ಲೀವರೆಗೂ ನನಗೆ ಬಸ್ಸಿದೆ."

ವಾರಂಟಿ ಇತ್ತು, ನಿಜ. ಆದರೆ ಅದು ಆ ತಿಂಗಳ ಕೊನೆಗೆ ತೀರಿಕೊಳ್ಳುವುದಿತ್ತು.

ಸರ್ವಿಸ್ ಸೆಂಟರಿನ ಗೋಡೆಯ ಮೇಲೆ ಗ್ರಾಹಕನೇ ದೇವರು ಎಂದು ದೊಡ್ಡದಾಗಿ ಬರೆದಿದ್ದರು. ದೇವರು ಗೋಡೆಯ ಮೇಲಿರುವವರೆಗೆ ಚೆನ್ನ. ಕೆಳಗಿಳಿದು ಬಂದರೆ ಟೋಕನ್ ತೆಗೆದುಕೊಂಡು, ತೊಟ್ಟಿಕ್ಕುವ ಏಸಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಬೇಕು. ಒಂದು ಗಾಜಿನ ಗೋಡೆ, ಅದರಾಚೆ ಗಾಡಿಗಳನ್ನು ಬಿಚ್ಚುವವರು, ಈಚೆ ಗಾಡಿಯವರು. ಬಿಚ್ಚುವವರ ಬಳಿ ಮಾತಾಡುವಂತಿಲ್ಲ. ಮಾತಿಗೆಂದೇ ಒಬ್ಬನನ್ನು ಇಟ್ಟಿದ್ದರು. ಅವನಿಗೆ ಕೊರಳಿಗೊಂದು ಟೈ. ಬರುವವರೆಲ್ಲ ಅವನನ್ನು ಟೈ ಎಂದೇ ಕರೆಯುತ್ತಿದ್ದರು. ಒಳ್ಳೆಯ ಹುಡುಗ, ನಗುಮುಖ. ಸಂಬಳ ಕೊಡುವವರು ಆ ನಗೆಗೇ ಕೊಡುತ್ತಿದ್ದರು.

"ಏನ್ ತೊಂದ್ರೆ ಸಾರ್?"

"ಬಿಸಿಯಾದ ಮೇಲೆ ನಿಧಾನಕ್ಕೆ ತಿರುಗಿಸುವಾಗ ಇಂಜಿನ್ ನಿಂತುಹೋಗುತ್ತೆ."

"ನಿಂತುಹೋಗುತ್ತಾ, ನಿಲ್ಲಿಸ್ತೀರಾ?"

"ಹೆಂಡತೀನ ಹಿಂದೆ ಕೂರಿಸ್ಕೊಂಡು ಲಾರಿ ಮುಂದೆ ಯಾರಪ್ಪಾ ನಿಲ್ಲಿಸ್ತಾರೆ?"

ಟೈ ನಕ್ಕ. ಮಾತು ಕೇಳಿ ಅಲ್ಲ, ರೂಢಿಯಿಂದ ನಕ್ಕಿದ್ದು ಎಂದು ಕನ್ನಡಕದವನಿಗೆ ಆಮೇಲೆ ಹೊಳೆಯಿತು. ಗಾಡಿಯನ್ನು ಒಳಗೆ ತೆಗೆದುಕೊಂಡು ಹೋದರು. ಸಂಜೆಯವರೆಗೆ ನೆರಳಿನಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಬೀದಿಯ ಸುತ್ತ ಒಂದು ಸುತ್ತು ಓಡಿಸಿ, ತೊಳೆದು ಒರೆಸಿ ತಂದು ನಿಲ್ಲಿಸಿದರು. ಕಾಗದದಲ್ಲಿ ದೋಷ ಕಂಡುಬಂದಿಲ್ಲ ಎಂದಿತ್ತು.

"ಗಾಡಿ ಚೆನ್ನಾಗಿದೆ ಸಾರ್. ಈ ಮಾದರಿ ಸ್ವಲ್ಪ ಹಾಗೇನೇ. ಅಭ್ಯಾಸ ಆಗುತ್ತೆ."

"ಏನು ಅಭ್ಯಾಸ ಆಗೋದು? ಸಾಯೋದಾ?"

"ಕ್ಲಚ್ ಸಾರ್, ಕ್ಲಚ್ ಹಿಡಿಯೋದು."

ಆ ತಿಂಗಳು ಅವನು ಇದೇ ಕಾರಣಕ್ಕೆ ಮತ್ತೆ ಹೋದ, ಮತ್ತೂ ಹೋದ. ಪ್ರತಿಸಲವೂ ಗಾಡಿ ಟೈ ಎದುರಿಗೆ ಬಂದ ಕೂಡಲೇ ಸಾಧುಪ್ರಾಣಿಯಾಗುತ್ತಿತ್ತು. ಮನೆಯಲ್ಲಿ ರಂಪ ಮಾಡುವ ಮಗು ಡಾಕ್ಟರ ಎದುರು ಕೈಕಟ್ಟಿ ಕೂರುವ ಹಾಗೆ. ಪ್ರತಿಸಲವೂ ತೊಳೆದು ಕೊಟ್ಟರು. ಅಷ್ಟು ಸ್ವಚ್ಛವಾದ ಕೆಟ್ಟ ಗಾಡಿ ಆ ಊರಲ್ಲಿ ಇನ್ನೊಂದಿರಲಿಲ್ಲ.

ಕಂಪನಿಯ ನಿಯಮ ಹೀಗೆ: ದೋಷ ಇದೆ ಎಂದು ಗಾಡಿಯವನು ಹೇಳಿದರೆ ಅದು ಮಾತು, ಟೈ ಕಣ್ಣಾರೆ ಕಂಡರೆ ಅದು ದೋಷ. ಹೊಟ್ಟೆನೋವು ಎಂದು ಹೋದವನಿಗೆ, ನನ್ನ ಹೊಟ್ಟೆ ನೋಯುತ್ತಿಲ್ಲವಲ್ಲ ಎಂದು ಡಾಕ್ಟರು ಹೇಳಿ ಕಳಿಸಿದಂತೆ. ಡಾಕ್ಟರು ಹಾಗೆಂದರೆ ಜನ ಕಲ್ಲು ಹೊಡೆಯುತ್ತಾರೆ. ಕಂಪನಿಯವರು ಹಾಗೆಂದರೆ, ಮುಂದಿನ ಸರ್ವಿಸ್ ಯಾವಾಗ ಎಂದು ಕೇಳಿ ಬರುತ್ತಾರೆ.

ಕೊನೆಯ ಸಲ ಹೋಗಿ ಬಂದ ದಿನ ಕನ್ನಡಕದವನು ಅಂಗಡಿಗೆ ಬಂದಾಗ ಟೀಚರಮ್ಮ ಕಾಯುತ್ತಿದ್ದರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವವರು, ಊರಿನ ಅರ್ಧ ಜನರ ಕಿವಿ ಹಿಂಡಿದ ಕೈ. ದೂರಕ್ಕೂ ಓದಲಿಕ್ಕೂ ಒಂದೇ ಕನ್ನಡಕ ಮಾಡಿಸಿಕೊಂಡು ಹೋಗಿದ್ದರು, ಗಾಜಿನ ಕೆಳಭಾಗದಲ್ಲಿ ಓದುವುದಕ್ಕೊಂದು ಗೆರೆ ಇರುತ್ತದಲ್ಲ, ಅಂಥದ್ದು.

"ಮೆಟ್ಟಿಲು ಇಳಿಯುವಾಗ ಮೆಟ್ಟಿಲೇ ತೇಲುತ್ತಪ್ಪಾ. ಕಂಬಿ ಹಿಡ್ಕೊಂಡು ಇಳೀತಿದ್ದೀನಿ. ಮಕ್ಕಳು ನಗ್ತಾವೆ."

ಅವನು ಕನ್ನಡಕ ಕೈಗೆ ತೆಗೆದುಕೊಂಡ, ಬೆಳಕಿಗೆ ಹಿಡಿದ, ತನ್ನ ಅಂಗಿಯ ತುದಿಯಿಂದ ಒರೆಸಿದ. ತಲೆಯಲ್ಲಿ ಇನ್ನೂ ಟೈ, ಏಸಿ, ದೋಷ ಕಂಡುಬಂದಿಲ್ಲ.

"ಪವರ್ ಸರಿಯಾಗಿದೆ ಮೇಡಂ. ಹೊಸದರಲ್ಲಿ ಹಾಗೇ. ಸ್ವಲ್ಪ ದಿನ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ."

ಟೀಚರಮ್ಮ ಕನ್ನಡಕ ಹಾಕಿಕೊಂಡು, ಅಂಗಡಿಯ ಒಂದೇ ಒಂದು ಮೆಟ್ಟಿಲನ್ನು ಬಾಗಿಲ ಚೌಕಟ್ಟು ಹಿಡಿದುಕೊಂಡು ಇಳಿದು ಹೋದರು. ಹೆಂಡತಿ ಗಲ್ಲಾದಿಂದ ಗಂಡನನ್ನು ನೋಡಿದಳು. ಬುಟ್ಟಿಯಿಂದ ಒಂದು ಬಟ್ಟೆ ತೆಗೆದು, ಈಗಾಗಲೇ ಸ್ವಚ್ಛವಾಗಿದ್ದ ಗಾಜನ್ನು ಒರೆಸತೊಡಗಿದಳು.

"ಏನೇ?" ಎಂದ ಅವನು.

"ಏನಿಲ್ಲ. ಟೈ ಒಂದು ಕಮ್ಮಿ ಇದೆ ನಿಮಗೆ."

ಅವನು ಪರದೆಯ ಹಿಂದೆ ಹೋಗಿ ಯಂತ್ರ ಹಾಕಿದ. ಉಜ್ಜಲು ಗಾಜು ಯಾವುದೂ ಇರಲಿಲ್ಲ.

ಅಂದೇ ಸಂಜೆ ಅವನು ಕ್ಯಾಪ್ಟನ್ನನ್ನು ನೋಡಲು ಹೋದ. ಕ್ಯಾಪ್ಟನ್ ಎಂದರೆ ಸೈನ್ಯದವನಲ್ಲ, ಟೈಲ್ಸ್ ಅಂಗಡಿ ಇಟ್ಟವನು. ಗುಂಪಿನ ಸವಾರಿಗೆಲ್ಲ ಶೋರೂಮಿನವರೇ ಬಾವುಟ, ಬನಿಯನ್ನು, ಬಿಸ್ಕತ್ತು ಕೊಡುತ್ತಿದ್ದರು. ಕ್ಯಾಪ್ಟನ್ ಗಾಡಿಗೆ ಸರ್ವಿಸ್ ಪುಕ್ಕಟೆ ಎಂಬುದು ಎಲ್ಲರಿಗೂ ಗೊತ್ತಿದ್ದೂ ಯಾರಿಗೂ ಗೊತ್ತಿಲ್ಲದ ಸಂಗತಿ. ಬಚ್ಚಲಮನೆಯ ಟೈಲ್ಸುಗಳ ನಡುವೆ, ಮಾರಾಟಕ್ಕಿಟ್ಟ ಕಮೋಡುಗಳ ಮುಚ್ಚಳದ ಮೇಲೆ ಕೂತು ಇಬ್ಬರೂ ಮಾತಾಡಿದರು.

"ನಿಮ್ಮದೂ ನಿಲ್ಲುತ್ತೆ ಅಂತ ಒಂದು ಮಾತು ಟೈಗೆ ಹೇಳಿ ಕ್ಯಾಪ್ಟನ್. ಇಬ್ಬರು ಹೇಳಿದ್ರೆ ಬರ್ಕೊಳ್ತಾನೆ."

"ನಂದು ಎಲ್ಲಪ್ಪಾ ನಿಲ್ಲುತ್ತೆ?"

"ಆ ಜಾಲಿ ಮರದ ಹತ್ರ."

"ಅದು ನಾನು ಫೋಟೋ ತೆಗೆಯೋಕೆ ನಿಲ್ಲಿಸಿದ್ದು."

"ಕ್ಯಾಪ್ಟನ್, ನೀವು ಗಾಡೀನ ಒದ್ದಿದ್ದು ನಾನು ನೋಡಿದ್ದೀನಿ."

ಕ್ಯಾಪ್ಟನ್ ಒಂದು ಟೈಲ್ಸಿನ ಧೂಳು ಒರೆಸಿದ. "ನೋಡು ಬಾಲಣ್ಣ, ನಾವೆಲ್ಲ ಒಂದು ಕುಟುಂಬ. ಕುಟುಂಬದ ಮಾತು ಬೀದಿಗೆ ಹಾಕಬಾರದು. ಅಂಗಿ ಹಾಕ್ಕೊಂಡ ಮೇಲೆ ಅದಕ್ಕೊಂದು ಮರ್ಯಾದೆ ಇದೆ. ಬಾಲಕ್ಕೆ ಬಾಯಿಲ್ಲ. ಹೌದೋ ಅಲ್ವೋ?"

"ಹೌದು."

"ಅಷ್ಟೇ ಮತ್ತೆ. ಟೀ ತರಿಸ್ಲಾ?"

ಕುಟುಂಬ ಎಂಬ ಮಾತನ್ನು ಕಂಪನಿಗಳು ಯಾವಾಗ ಕಲಿತವೋ ತಿಳಿಯದು. ಮಾರುವಾಗ ನಾವು ಕುಟುಂಬ, ಬಾವುಟ ಹಿಡಿದು ಪುಕ್ಕಟೆ ಪ್ರಚಾರ ಮಾಡುವಾಗ ಕುಟುಂಬ. ಕೆಟ್ಟಿದೆ ಎಂದು ಹೋದ ದಿನ ಮಾತ್ರ ಟೋಕನ್ ನಂಬರು. ಸ್ವಂತ ಅಣ್ಣತಮ್ಮಂದಿರೂ ಹೀಗೆ ಮಾಡುತ್ತಾರೆ ಎಂದು ಯಾರಾದರೂ ಹೇಳಬಹುದು. ಹೇಳಲಿ, ಅವರು ಅದಕ್ಕೆ ಬನಿಯನ್ ಹೊಲಿಸುವುದಿಲ್ಲ.

ತಿಂಗಳ ಕೊನೆಯ ಭಾನುವಾರ ಬಂತು. ಮಂಗಳವಾರ ವಾರಂಟಿ ಮುಗಿಯುವುದಿತ್ತು. ಅಂದಿನ ಸವಾರಿ ಗುಡ್ಡದ ಮೇಲಿನ ಮೊಬೈಲ್ ಟವರಿನವರೆಗೆ. ಟೈ ಕೂಡ ಬಂದಿದ್ದ, ಕಂಪನಿಯ ಹೊಸ ಮಾದರಿಯ ಗಾಡಿಯನ್ನು ಓಡಿಸಿಕೊಂಡು. ಹಳೆಯ ಗಿರಾಕಿಗಳಿಗೆ ಅದರ ರುಚಿ ಹತ್ತಿಸಿದರೆ ಹೊಸದು ಮಾರಾಟವಾಗುತ್ತದೆ ಎಂದು ಅವನನ್ನು ಕಳಿಸಿದ್ದರು. ಭಾನುವಾರವೂ ಟೈ ಕಟ್ಟಿದ್ದ.

"ಒಂದ್ಸಲ ಓಡಿಸಿ ನೋಡಿ ಸಾರ್" ಎಂದು ಅವನು ಬಂಕಿನ ಮುಂದೆ ಒಬ್ಬೊಬ್ಬರನ್ನೇ ಕೇಳುತ್ತ ಬಂದು, ಕೊನೆಗೆ ಸಾಲಿನ ಕೊನೆಯವನನ್ನೂ ಕೇಳಿದ.

"ಓಡಿಸ್ತೀನಿ" ಎಂದ ಕನ್ನಡಕದವನು. "ಗುಡ್ಡದ ತನಕ ಓಡಿಸ್ತೀನಿ. ಅಲ್ಲೀವರೆಗೂ ನೀವು ನಂದು ತನ್ನಿ."

ಟೈ ಮುಖದಲ್ಲಿ ನಗೆ ಹಾಗೇ ಇತ್ತು, ಆ ನಗೆಯ ಹಿಂದಿದ್ದವನು ಮಾತ್ರ ಸ್ವಲ್ಪ ಹಿಂದೆ ಸರಿದ. ಬೇಡ ಎನ್ನುವಂತಿಲ್ಲ. ಚೆನ್ನಾಗಿದೆ ಎಂದು ಮತ್ತೆ ಮತ್ತೆ ತೊಳೆದುಕೊಟ್ಟ ಗಾಡಿ.

"ಬಾಲ ಯಾರು ಹಾಗಾದ್ರೆ?" ಎಂದು ಕ್ಯಾಪ್ಟನ್ ಮುಂದಿನಿಂದ ಕೂಗಿದ.

"ನನ್ನ ಗಾಡಿ ಎಲ್ಲಿರುತ್ತೋ ಅಲ್ಲೇ ಬಾಲ" ಎಂದು ಕನ್ನಡಕದವನು ಕಿತ್ತಳೆ ಅಂಗಿ ಬಿಚ್ಚಿ ಟೈಗೆ ತೊಡಿಸಿದ. ಅಂಗಿಯ ಕೆಳಗಿನಿಂದ ಟೈನ ತುದಿ ಇಣುಕುತ್ತಿತ್ತು. "ಏರಿನ ತಿರುವಲ್ಲಿ ನಿಂತುಬಿಡುತ್ತೆ. ಎಡಕ್ಕೇ ಇರಿ, ಹಿಂದೆ ಗಾಡಿ ಬರ್ತಿದ್ರೆ ಮುಂದೆ ಬಿಡಿ. ನಿಂತ್ರೆ ಪಕ್ಕಕ್ಕೆ ತಳ್ಳಿ ಆರೋಕೆ ಬಿಡಿ, ಬಟನ್ ಒತ್ತಬೇಡಿ."

"ನನಗೆ ಅಭ್ಯಾಸ ಇದೆ ಸಾರ್" ಎಂದ ಟೈ.

ಗುಂಪು ಹೊರಟಿತು. ಕನ್ನಡಕದವನು ಜೀವನದಲ್ಲಿ ಮೊದಲ ಸಲ ಸಾಲಿನ ನಡುವೆ ಓಡಿಸುತ್ತಿದ್ದ, ಹಿಂದೆಯೂ ಮುಂದೆಯೂ ಜನ. ಬಾಲದ ಬುದ್ಧಿ ಬಿಡದು, ಕಣ್ಣು ಕನ್ನಡಿಯಲ್ಲೇ ಇತ್ತು. ಬಿಸಿಲೇರಿತು, ಏರು ಶುರುವಾಯಿತು. ಒಂದು ತಿರುವಿನಲ್ಲಿ ಕಿತ್ತಳೆ ಬಣ್ಣ ಕಂಡಿತು. ಮುಂದಿನ ತಿರುವಿನಲ್ಲಿ ಕಾಣಲಿಲ್ಲ.

ಅವನಲ್ಲಿ ಒಂದು ಸಂತೋಷವೂ ಅದರ ಬೆನ್ನಿಗೇ ಒಂದು ಅಳುಕೂ ಎದ್ದವು. ಟೈಗೂ ಮನೆಯಲ್ಲಿ ಯಾರೋ ಇರುತ್ತಾರಲ್ಲ. ಆ ರಸ್ತೆಯಲ್ಲಿ ಲಾರಿಗಳಿರುತ್ತವಲ್ಲ. ನಿಲ್ಲೋಣವೇ ಎಂದು ವೇಗ ಇಳಿಸಿದ. ಹಿಂದಿದ್ದ ದಂತವೈದ್ಯರು ಹಾರ್ನು ಹೊಡೆದು, ಮುಂದೆ ಹೋಗಿ ಎಂದು ಕೈಬೀಸಿದರು. ಯಾರಾದರೂ ನಿಂತರೆ ಬಾಲ ನೋಡಿಕೊಳ್ಳುತ್ತದೆ, ನಿಯಮವೇ ಹಾಗೆ. ಬಾಲವೇ ನಿಂತರೆ ಯಾರು ನೋಡಿಕೊಳ್ಳಬೇಕೆಂದು ನಿಯಮ ಮಾಡಿದವರು ಯೋಚಿಸಿರಲಿಲ್ಲ. ಯೋಚಿಸುವ ಪ್ರಮೇಯ ಬಂದಿರಲಿಲ್ಲ. ತನ್ನ ಗಾಡಿ ಯಾವತ್ತೋ ಭಾನುವಾರ ನಿಂತಿದ್ದರೆ ಇವರೆಲ್ಲ ಹೀಗೇ ಹೋಗುತ್ತಿದ್ದರು ಎಂಬುದು ಅವನಿಗೆ ಆಗ ತಿಳಿಯಿತು.

ಗುಡ್ಡದ ಮೇಲೆ ಎಲ್ಲರೂ ಇಳಿದರು. ಬಾವುಟ ಬಿಚ್ಚಿದರು, ಸಾಲಾಗಿ ನಿಂತು ಹೆಬ್ಬೆರಳು ಎತ್ತಿ ಫೋಟೋ ತೆಗೆಸಿಕೊಂಡರು. ಯಾರು ಬಂದಿಲ್ಲ ಎಂದು ಯಾರೂ ಎಣಿಸಲಿಲ್ಲ. ಎಣಿಸುವುದು ಬಾಲದ ಕೆಲಸ. ಕನ್ನಡಕದವನು ಫೋಟೋಕ್ಕೆ ನಿಲ್ಲದೆ, ಹೊಸ ಗಾಡಿ ತಿರುಗಿಸಿ ಕೆಳಗೆ ಹೊರಡಲಿದ್ದ. ಅಷ್ಟರಲ್ಲಿ ಒಂದು ಇಟ್ಟಿಗೆ ಲಾರಿ ಗೊರಗೊರ ಎನ್ನುತ್ತ ಮೇಲೆ ಬಂತು. ಇಟ್ಟಿಗೆಗಳ ನಡುವೆ ಕನ್ನಡಕದವನ ಗಾಡಿ. ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದುಕೊಂಡು ಟೈ. ಬಿಸಿಲಿಗೆ ಅಂಗಿ ಝಗಝಗಿಸುತ್ತಿತ್ತು, ದೇವರ ಫೋಟೋದ ಹಿಂದಿನ ಪ್ರಭಾವಳಿಯ ಹಾಗೆ.

ಗಾಡಿಯನ್ನು ಹಲಗೆ ಹಾಕಿ ಇಳಿಸಿದರು. ಬಟನ್ ಒತ್ತಬೇಡಿ ಎಂದಿದ್ದನ್ನು ಟೈ ಒತ್ತಿ ಒತ್ತಿ ಬ್ಯಾಟರಿಯನ್ನೂ ಸಾಯಿಸಿದ್ದ. ಎಲ್ಲರೂ ಸುತ್ತ ನೆರೆದರು.

"ಏನಾಯ್ತು?" ಎಂದು ಕ್ಯಾಪ್ಟನ್ ಕೇಳಿದ.

ಟೈ ಮುಖ ಒರೆಸಿಕೊಂಡ. ಕೆಲಸ ಕಳೆದುಕೊಳ್ಳಲು ಯಾರಿಗೆ ಇಷ್ಟ? ಅವನು ಕನ್ನಡಕದವನ ಮುಖ ನೋಡಲಿಲ್ಲ, ಟವರ್ ನೋಡಿದ.

"ಗಾಡಿಗೆ ಏನೂ ಆಗಿಲ್ಲ ಸಾರ್. ನನಗೆ... ಈ ಗಾಡಿ ಅಭ್ಯಾಸ ಇಲ್ಲ."

ಯಾರೂ ನಗಲಿಲ್ಲ. ಇಟ್ಟಿಗೆ ಲಾರಿಯವನೊಬ್ಬ ಮಾತ್ರ ನಕ್ಕ, ಅವನು ಗುಂಪಿನವನಲ್ಲ. ಟೈ ಅಂಗಿ ಬಿಚ್ಚಿ ಕನ್ನಡಕದವನ ಕಡೆ ಚಾಚಿದ. "ತಗೊಳ್ಳಿ ಸಾರ್, ನಿಮ್ಮದು."

ಕನ್ನಡಕದವನು ಕೈ ಚಾಚಲಿಲ್ಲ. ಬೇಡ ಎನ್ನಲು ಬಾರದವನು ಆ ಮಾತನ್ನು ಮೊದಲ ಸಲ ಆಡಿದ.

"ನನಗೆ ಬೇಡ. ನಾನು ಇನ್ನು ಬಾಲ ಅಲ್ಲ."

"ಅಂದ್ರೆ?" ಎಂದ ಕ್ಯಾಪ್ಟನ್.

"ಅಂಗಿ ತೊಟ್ಟವನಿಗೆ ಬಾಯಿಲ್ಲ ಅಂದ್ರಿ. ಒಪ್ಪಿದೆ. ಈಗ ಅಂಗಿ ಇಲ್ಲ."

ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಕೂಗಿರಲಿಲ್ಲ, ಆಗಲೇ ಒಬ್ಬೊಬ್ಬರೂ ಹೆಗಲು ಮುಟ್ಟಿಕೊಂಡರು. ದಂತವೈದ್ಯರು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡರು. ಕ್ಯಾಷಿಯರ್‌ಗೆ ಇದ್ದಕ್ಕಿದ್ದಂತೆ ಫೋನ್ ಬಂತು, ರಿಂಗ್ ಆಗದೆಯೇ. ಕನ್ನಡಕದವನು ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ, ಈಗ ಹೇಗಿದೆ, ಈಗ ಹೇಗಿದೆ ಎಂದು ಕೇಳುವಾಗ ನೋಡುತ್ತಾನಲ್ಲ, ಹಾಗೆ, ಅವಸರವಿಲ್ಲದೆ. ಅವರವರ ಗಾಡಿ ನಿಂತ ಕಥೆಯನ್ನು ಹೇಳುತ್ತಿದ್ದನೋ ಇಲ್ಲವೋ, ಅವನಿಗೂ ಗೊತ್ತಿರಲಿಲ್ಲ.

ಕ್ಯಾಪ್ಟನ್‌ಗೆ ಜಾಲಿ ಮರ ನೆನಪಾಗಿರಬೇಕು. ಬೇರೆಯವರ ಬಾಯಲ್ಲಿ ಒದ್ದ ಕಥೆ ಕೇಳುವುದಕ್ಕಿಂತ ತಾನೇ ಹೇಳುವುದು ವಾಸಿ ಎಂದೂ ಅನಿಸಿರಬೇಕು. ಗಂಟಲು ಸರಿಮಾಡಿಕೊಂಡ.

"ನಂದೂ ಒಂದ್ಸಲ ನಿಂತಿತ್ತು" ಎಂದ. "ಸಣ್ಣದಾಗಿ."

"ಸಣ್ಣದಾಗಿ ನಿಲ್ಲೋದು ಅಂದ್ರೇನ್ರಿ?" ಎಂದರು ದಂತವೈದ್ಯರು. "ನಂದು ಪೂರ್ತಿ ನಿಂತಿತ್ತು."

"ನಿಮ್ಮದೂನಾ?" ಎಂದು ಕ್ಯಾಷಿಯರ್ ಫೋನ್ ಕೆಳಗಿಳಿಸಿದ. "ನನಗೊಬ್ಬನಿಗೇ ಅಂದ್ಕೊಂಡು ಮಾರೋಕೆ ಹಾಕಿದ್ದೀನಿ ಮಾರಾಯ್ರೇ."

ಆಮೇಲೆ ಒಡ್ಡು ಒಡೆದಂತಾಯಿತು. ಇಷ್ಟು ದಿನ ಗಾಡಿಯನ್ನು ಹೊಗಳಲು ಪೈಪೋಟಿ ಮಾಡುತ್ತಿದ್ದವರು ಈಗ ಯಾರದು ಹೆಚ್ಚು ಅಪಾಯದ ಜಾಗದಲ್ಲಿ ನಿಂತಿತ್ತು ಎಂದು ಪೈಪೋಟಿಗೆ ಬಿದ್ದರು. ನಡುವೆ ಟೈ, ಕೈಯಲ್ಲಿ ಯಾರಿಗೂ ಬೇಡದ ಅಂಗಿ ಹಿಡಿದು ನಿಂತಿದ್ದ.

"ಎಲ್ಲಾರದೂ ಬರ್ಕೊಳ್ತೀನಿ ಸಾರ್" ಎಂದ ಕೊನೆಗೆ. ಕನ್ನಡಕದವನ ಪಕ್ಕಕ್ಕೆ ಬಂದು ಮೆಲ್ಲಗೆ ಇನ್ನೊಂದು ಮಾತು ಹೇಳಿದ. "ತಿರುವಲ್ಲಿ ಹಿಂದೆ ಬಸ್ಸಿತ್ತು ಸಾರ್."

"ಗೊತ್ತು" ಎಂದ ಕನ್ನಡಕದವನು. "ನನಗೆ ಲಾರಿ."

ಸೋಮವಾರ ಟೈ ಬರೆದುಕೊಂಡ. ವಾರಂಟಿ ಮುಗಿಯುವ ಮೊದಲೇ ಕನ್ನಡಕದವನ ಗಾಡಿಯ ಟ್ಯಾಂಕಿನೊಳಗಿಂದ ಪೆಟ್ರೋಲು ತಳ್ಳುವ ಒಂದು ಪುಟ್ಟ ಪಂಪನ್ನು ತೆಗೆದು, ಬೇರೆ ಹಾಕಿ, ಗಾಡಿಯನ್ನು ರೂಢಿಯಂತೆ ತೊಳೆದು ಕೊಟ್ಟರು. ಗುಂಪಿನವರಿಗೆಲ್ಲ ಹೊಸ ಪಂಪು ಬಂತು. ಕೇಳಿದವರಿಗೆ ಹಾಕಿದರು, ಕೇಳದ ಸಾವಿರಾರು ಜನ ಇಂದಿಗೂ ಯಾವ ಯಾವ ತಿರುವಿನಲ್ಲೋ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ. ಕಂಪನಿಯಿಂದ ಫೋನಿಗೆ ಒಂದು ಸಂದೇಶವೂ ಬಂತು: ನಿಮ್ಮ ವಾಹನದಲ್ಲಿ ಯಾವುದೇ ದೋಷ ಕಂಡುಬಂದಿಲ್ಲವಾದರೂ, ಸೌಹಾರ್ದದ ದೃಷ್ಟಿಯಿಂದ ಬಿಡಿಭಾಗವನ್ನು ಬದಲಾಯಿಸಲಾಗಿದೆ.

ಅವನು ಅದನ್ನು ಹೆಂಡತಿಗೆ ಓದಿ ಹೇಳಿದ.

"ಏನಾಗಿತ್ತಂತೆ?" ಎಂದಳು.

"ಏನೂ ಆಗಿರಲಿಲ್ವಂತೆ. ಸೌಹಾರ್ದವಾಗಿ ಬದಲಾಯಿಸಿದ್ರಂತೆ."

"ಕಳ್ಳ, ನಾನು ಕದ್ದಿಲ್ಲ, ಆದ್ರೂ ಪ್ರೀತಿಯಿಂದ ವಾಪಸ್ ಕೊಡ್ತಿದ್ದೀನಿ ಅಂದ ಹಾಗಾಯ್ತು." ಬಟ್ಟೆಗಳು ಹೆಲ್ಮೆಟ್ಟಿನಲ್ಲೇ ಉಳಿದವು. ಅವಳು ಬಸ್ಸಿನಲ್ಲೇ ಓಡಾಡಿದಳು.

ಗಾಡಿ ಈಗ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಹಿಂದಿನ ಅಗಲವಾದ ಸೀಟಿನ ಮೇಲೆ ಅವನು ಮಧ್ಯಾಹ್ನದ ಊಟದ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದ. ಮೇಲ್ಸೇತುವೆಯ ತಿರುವಿನಲ್ಲಿ ಬಸ್ಸು ಅವನನ್ನು ದಾಟಿ ಹೋಗುವಾಗ ಕಿಟಕಿಯಲ್ಲಿ ಹೆಂಡತಿ ಕಾಣುತ್ತಿದ್ದಳು. ಅವಳು ನೋಡುತ್ತಿದ್ದಳು, ಕೈಬೀಸುತ್ತಿರಲಿಲ್ಲ. ಅವನಿಗೆ ಆ ತಿರುವಿನಲ್ಲಿ ಬಾರಿ ಬಾರಿಗೂ ನೆನಪಾಗುತ್ತಿದ್ದುದು ಲಾರಿಯಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದೇ ಮೆಟ್ಟಿಲು ಇಳಿದು ಹೋದ ಒಂದು ಕೈ.

ಒಂದು ದಿನ ಅವನು ಟೀಚರಮ್ಮನಿಗೆ ಫೋನ್ ಮಾಡಿ ಕರೆಸಿದ. ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಬಗ್ಗಿ, ಕನ್ನಡಕ ಅವರ ಮೂಗಿನ ಮೇಲಿರುವಂತೆಯೇ ಸ್ಕೇಲು ಹಿಡಿದು ನೋಡಿದ. ಅಂದು ಹಾಗೆ ನೋಡಿಯೇ ಇರಲಿಲ್ಲ. ಕೈಯಲ್ಲಿ ಹಿಡಿದು ಒರೆಸಿದ್ದ, ಅಷ್ಟೆ. ಅವರು ಆರಿಸಿದ್ದ ಫ್ರೇಮು ಗಿಡ್ಡ, ಓದುವ ಗೆರೆ ಮೇಲೆ ಬಂದಿತ್ತು. ಕಾಲ ಬುಡ ನೋಡಿದರೆ ಮೆಟ್ಟಿಲಿನ ಬದಲು ಮಬ್ಬು ಕಾಣುತ್ತಿತ್ತು. ಅವರನ್ನು ಅಲ್ಲೇ ಕೂರಿಸಿ, ಪರದೆಯ ಹಿಂದೆ ಹೋಗಿ ಹೊಸ ಗಾಜು ಉಜ್ಜಿ ಹಾಕಿಕೊಂಡು ಬಂದ.

"ತಪ್ಪು ನಂದು ಮೇಡಂ" ಎಂದ. "ಗೆರೇನ ತೀರಾ ಮೇಲಕ್ಕೆ ಕೂರಿಸಿದ್ದೆ. ಪವರ್ ಸರಿಯಿದೆ, ನಾನು ಅಳತೆ ತಪ್ಪಿದ್ದೀನಿ. ಅವತ್ತು ನೀವು ಹೇಳಿದ್ದೂ ನಿಜ, ನಾನು ನೋಡದೇ ಕಳಿಸಿದ್ದೂ ನಿಜ. ಹೊಸ ಗಾಜು ಹಾಕಿದ್ದೀನಿ, ಇದನ್ನ ಹಾಕ್ಕೊಳ್ಳಿ."

ಗಲ್ಲಾದಲ್ಲಿ ಚಿಲ್ಲರೆಯ ಸದ್ದು ನಿಂತಿತು.

ಟೀಚರಮ್ಮ ಹೊಸ ಕನ್ನಡಕ ಹಾಕಿಕೊಂಡು ಮೆಟ್ಟಿಲ ಬಳಿ ಹೋದರು. ಕೆಳಗೆ ನೋಡಿದರು. ಇಳಿದರು, ಹತ್ತಿದರು, ಮತ್ತೆ ಇಳಿದರು. ಮುಖ ಗಂಟಿಕ್ಕಿತ್ತು.

"ಏನ್ ಮೇಡಂ, ಇನ್ನೂ ತೇಲುತ್ತಾ?"

"ಇಲ್ಲಪ್ಪಾ, ನೆಟ್ಟಗೆ ಕಾಣುತ್ತೆ. ಅದೇ ತೊಂದ್ರೆ. ಇಷ್ಟು ದಿನ ತೇಲೋದಕ್ಕೇ ಅಭ್ಯಾಸ ಆಗಿಬಿಟ್ಟಿತ್ತಲ್ಲ. ನೀನೇ ಅಂದಿದ್ದೆ, ಆಗುತ್ತೆ ಅಂತ. ಈಗ ಇದನ್ನ ಮತ್ತೆ ಅಭ್ಯಾಸ ಮಾಡ್ಕೋಬೇಕು." ಚೌಕಟ್ಟು ಹಿಡಿಯದೆ ಬೀದಿಗಿಳಿದು, ಹಿಂತಿರುಗಿ ನೋಡಿ ಹೇಳಿದರು. "ಸ್ಕೂಲಲ್ಲೂ ನೀನು ಹೀಗೇ. ತಪ್ಪು ಮಾಡಿ ಬಹಳ ದಿನ ಆದ್ಮೇಲೆ ಬಂದು ಹೇಳ್ತಿದ್ದೆ."

ಸಂಜೆ ಷಟರ್ ಎಳೆದು ಬೀಗ ಹಾಕಿ ಅವನು ತಿರುಗಿದಾಗ ಹೆಂಡತಿ ಬಸ್ ನಿಲ್ದಾಣದ ಕಡೆ ಹೊರಟಿರಲಿಲ್ಲ. ಗಾಡಿಯ ಪಕ್ಕ ನಿಂತಿದ್ದಳು, ಹೆಲ್ಮೆಟ್ ಕೊಡವುತ್ತ. ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿ ತೋಳಿಗೆ ನೇತುಹಾಕಿಕೊಂಡಿದ್ದಳು.

"ಕಂಪನಿಯವರು ಇನ್ನೂ ಹೇಳಿಲ್ವಲ್ಲೇ" ಎಂದ.

"ತಪ್ಪು ನಂದು ಅಂತ ಒಬ್ಬರಾದ್ರೂ ಹೇಳಿದ್ರಲ್ಲ. ಹೊರಡಿ."

ಅವಳು ಹತ್ತಿ ಕೂತಳು. ಅವನು ನಿಧಾನವಾಗಿ, ಎಡಕ್ಕೇ ಇಟ್ಟುಕೊಂಡು ಓಡಿಸಿದ. ಮೇಲ್ಸೇತುವೆ ಬಂತು, ತಿರುವು ಬಂತು. ಗಾಡಿ ನಿಲ್ಲಲಿಲ್ಲ. ಇಬ್ಬರೂ ಉಸಿರು ಬಿಟ್ಟರು, ಬಿಟ್ಟದ್ದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳಲಿಲ್ಲ.

ಇಳಿಜಾರಿನಲ್ಲಿ ಅವಳು ಅವನ ಬೆನ್ನು ತಟ್ಟಿದಳು.

"ರೀ, ಈ ಸೀಟು ಯಾಕೋ ಅಲ್ಲಾಡುತ್ತೆ. ಮುಂಚೆ ಹೀಗಿರಲಿಲ್ಲ."

"ಅಭ್ಯಾ..." ಎಂದವನು ಬಾಯಿ ಮುಚ್ಚಿಕೊಂಡ. ಗಾಡಿಯನ್ನು ಪಕ್ಕಕ್ಕೆ ತೆಗೆದು, ಸ್ಟ್ಯಾಂಡ್ ಹಾಕಿ, ಕೆಳಗಿಳಿದ.

"ಇಳಿ ಒಂದ್ನಿಮಿಷ" ಎಂದ. "ನೋಡ್ತೀನಿ."